ಬಾಯಲ್ಲಿ ಹಿಡಿದ ನೀರು

ಕಿರಿಸೊಸೆಗೆ ತವರಿನಲ್ಲಿ ಯಾಕಮ್ಮ ಎಂದೇ ಹೆಸರು ಬಿದ್ದಿತ್ತು. ಮಾತು ಕಲಿತ ದಿನದಿಂದ ಅವಳ ಬಾಯಿಂದ ಬರುವ ಎರಡು ಮಾತಿನಲ್ಲಿ ಒಂದು 'ಯಾಕೆ' ಆಗಿರುತ್ತಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅವಳಮ್ಮ ಕಿವಿಯಲ್ಲಿ ಹೇಳಿದ ಬುದ್ಧಿಮಾತು ಒಂದೇ: ಮೊದಲ ಒಂದು ವರ್ಷ ಯಾರನ್ನೂ ಏನನ್ನೂ ಕೇಳಬೇಡ, ಆಮೇಲೆ ನಿನ್ನಿಷ್ಟ. ಮಗಳು ಹೂಂ ಎಂದು ತಲೆಯಾಡಿಸಿ, ಒಂದು ವರ್ಷವೇ ಯಾಕೆ ಎಂದು ಕೇಳಿಯೇಬಿಟ್ಟಿದ್ದಳು.

ಗಂಡನ ಮನೆಯವರದು ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಭಾವ ಗಾಜು ಕೊಯ್ಯುತ್ತಿದ್ದರು, ಗಂಡ ಮರದ ಪಟ್ಟಿಗಳನ್ನು ಮೂಲೆಗೆ ಮೂಲೆ ಕೂಡಿಸಿ ಮೊಳೆ ಹೊಡೆಯುತ್ತಿದ್ದ, ಅತ್ತೆ ಹಿಂಬದಿಗೆ ಕಂದು ಕಾಗದ ಅಂಟಿಸುತ್ತಿದ್ದರು. ತೀರಿಕೊಂಡ ಮಾವನ ತಾಯಿ, ಎಂದರೆ ಅಜ್ಜಿ, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬಂದ ಗಿರಾಕಿಗಳ ಮುಖ ನೋಡಿ, ಇವನು ಚೌಕಾಸಿ ಮಾಡುವವನು, ಇವಳು ಗಂಡನಿಗೆ ಹೇಳದೆ ಬಂದವಳು ಎಂದು ಭವಿಷ್ಯ ನುಡಿಯುತ್ತಿದ್ದರು. ಸಂಸಾರ ಒಳ್ಳೆಯದು. ಜಗಳವಿಲ್ಲ, ಕುಡಿತವಿಲ್ಲ, ಸೊಸೆಯಂದಿರನ್ನು ಹಿಂಸಿಸುವವರಂತೂ ಯಾರೂ ಇಲ್ಲ. ಹಾಗೆಂದೇ ಈ ಕಥೆಯನ್ನು ಹೇಳಬೇಕಾಗಿದೆ. ಕೆಟ್ಟವರ ಮನೆಯಲ್ಲಿ ಕೆಟ್ಟದ್ದು ನಡೆದರೆ ಅದರಲ್ಲಿ ತಿಳಿದುಕೊಳ್ಳುವಂಥದ್ದು ಹೆಚ್ಚೇನೂ ಇರುವುದಿಲ್ಲ.

ಮೇಲಿನ ಹಜಾರದ ಗೋಡೆಯಲ್ಲಿ ಮೂರು ಫೋಟೋಗಳು ಸಾಲಾಗಿದ್ದವು. ಮೂರರಲ್ಲೂ ಬೆಟ್ಟದ ತುದಿಯ ಅದೇ ಪುರಾತನ ದೇವಸ್ಥಾನ, ಅದೇ ಕಲ್ಲಿನ ಬಾಗಿಲು, ಬಾಗಿಲ ಮುಂದೆ ಒಬ್ಬಳು ಹೊಸ ಸೊಸೆ. ಒಂದು ಅಜ್ಜಿ, ಒಂದು ಅತ್ತೆ, ಒಂದು ಓರಗಿತ್ತಿ. ಮೂವರ ಕೆನ್ನೆಗಳೂ ಊದಿಕೊಂಡಿದ್ದವು. ಯಾಕಮ್ಮ ಐದು ವರ್ಷದಿಂದ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಊದಿದ ಕೆನ್ನೆ ಕಂಡರೆ ಅವಳಿಗೆ ತಟ್ಟನೆ ನೆನಪಾಗುವುದು ಹುಳುಕು ಹಲ್ಲು. ಈ ಮನೆಯ ಹೆಂಗಸರಿಗೆಲ್ಲ ಮದುವೆಯಾದ ವರ್ಷವೇ, ಅದೂ ಬೆಟ್ಟದ ತುದಿಯಲ್ಲಿಯೇ ಒಸಡು ಬಾತುಕೊಂಡಿದ್ದು ಹೇಗೆ ಎಂದು ಎಂಟು ದಿನ ತಲೆ ಕೆರೆದುಕೊಂಡಳು. ಒಂಬತ್ತನೆಯ ದಿನ ತಡೆಯಲಾರದೆ ಅತ್ತೆಯನ್ನು ಕೇಳಿದಳು.

ಅತ್ತೆ ಅಂಟಿನ ಕುಂಚವನ್ನು ಕೆಳಗಿಟ್ಟು ಅಭಿಮಾನದಿಂದಲೇ ವಿವರಿಸಿದರು. ಈ ಮನೆಗೆ ಬಂದ ಸೊಸೆ ಮದುವೆಯಾದ ವರ್ಷದೊಳಗೆ ಬೆಟ್ಟ ಹತ್ತಬೇಕು. ಬುಡದಲ್ಲಿ ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ಸಾವಿರದ ನೂರು ಮೆಟ್ಟಿಲು, ಎರಡು ಗಂಟೆಯ ದಾರಿ. ಅಷ್ಟು ಹೊತ್ತೂ ಆ ನೀರನ್ನು ಉಗುಳದೆ, ನುಂಗದೆ, ಮಾತಾಡದೆ ಹಿಡಿದುಕೊಂಡು ಹೋಗಿ ದೇವಸ್ಥಾನದ ಬಾಗಿಲ ಪಕ್ಕದ ಕಲ್ಲುಬಾನಿಗೆ ಬಿಡಬೇಕು. ಬಾನಿಯಿಂದ ಗೋಡೆಯೊಳಗೆ ಒಂದು ಕಾಲುವೆಯಿದೆ, ನೀರು ಅದರಲ್ಲಿ ಹರಿದು ಒಳಗಿನ ದೇವರ ಪಾದಕ್ಕೆ ಸೇರುತ್ತದೆ. ಹಿಡಿದವಳ ವಂಶ ತಂಪಾಗಿರುತ್ತದೆ. ನುಂಗಿದವಳು ತನ್ನ ಹೊಟ್ಟೆಯ ಮಗುವನ್ನೇ ನುಂಗಿದಂತೆ.

ಯಾಕಮ್ಮನಿಗೆ ಒಂದಲ್ಲ, ಹತ್ತು ಪ್ರಶ್ನೆ ಎದ್ದವು. ಬಾಯಿಂದ ಬಿಟ್ಟ ನೀರು ಎಂಜಲಲ್ಲವೇ, ದೇವರಿಗೆ ಎಂಜಲು ಕೊಡಬಹುದೇ? ಭಕ್ತಿಯಿದ್ದಲ್ಲಿ ಎಂಜಲಿಲ್ಲ ಎಂದರು ಅತ್ತೆ. ಮಗು ಇಬ್ಬರದೂ ಅಲ್ಲವೇ, ಗಂಡಸರು ಯಾಕೆ ನೀರು ಹಿಡಿಯುವುದಿಲ್ಲ? ಗಂಡಸರು ಸಾಮಾನು ಹೊರಬೇಕಲ್ಲ, ಏದುಸಿರು ಬರುತ್ತದೆ ಎಂದರು. ಆ ಕಾಲುವೆಯನ್ನು ಯಾರಾದರೂ ನೋಡಿದ್ದಾರೆಯೇ? ಅತ್ತೆ ಕುಂಚವನ್ನು ಮತ್ತೆ ಕೈಗೆತ್ತಿಕೊಂಡರು.

ಅವಳಿಗೆ ಆಗ ಸಿಟ್ಟು ಬಂದಿರಲಿಲ್ಲ, ಕುತೂಹಲ ಬಂದಿತ್ತು. ಇದು ಆಗುವ ಮಾತೇ ಎಂದು ಮರುದಿನವೇ ಚಿಕಿತ್ಸಾಲಯದ ಗಡಿಯಾರದ ಮುಂದೆ ಬಾಯಿ ತುಂಬ ನೀರು ತುಂಬಿಕೊಂಡು ನಿಂತಳು. ನಾಲ್ಕನೆಯ ನಿಮಿಷಕ್ಕೆ ತನಗೇ ಅರಿವಿಲ್ಲದೆ ಗುಟುಕರಿಸಿದಳು. ಡಾಕ್ಟರು ನಕ್ಕು, ಬಾಯಿ ಜೊಲ್ಲು ಸುರಿಸುತ್ತಲೇ ಇರುತ್ತದೆ, ಗಂಟಲು ಅದನ್ನು ನುಂಗುತ್ತಲೇ ಇರುತ್ತದೆ, ನಿದ್ದೆಯಲ್ಲೂ ನಿಲ್ಲದ ಕೆಲಸ ಅದು, ಇಲ್ಲದಿದ್ದರೆ ನಾವು ರೋಗಿಗಳ ಬಾಯಿಗೆ ಹೀರುಕೊಳವೆ ಯಾಕೆ ಇಡುತ್ತಿದ್ದೆವು ಎಂದರು. ಮನೆಗೆ ಬಂದು ಗಂಡನ ಮೇಲೂ ಪ್ರಯೋಗ ನಡೆಯಿತು. ಅವನು ಏಳು ನಿಮಿಷ ಹಿಡಿದು, ಎಂಟನೆಯದರಲ್ಲಿ ಅವಳ ಮುಖ ನೋಡಿ ನಗು ತಡೆಯಲಾಗದೆ ಯಾರದೋ ಮದುವೆ ಫೋಟೋದ ಮೇಲೆ ಚಿಮ್ಮಿಸಿಬಿಟ್ಟ.

ಕುಳಿತವನಿಗೇ ಎಂಟು ನಿಮಿಷ ಕಷ್ಟವೆಂದಾದರೆ, ಎರಡು ಗಂಟೆ ಬೆಟ್ಟ ಹತ್ತಿದ ಈ ಮೂವರು ಹೇಗೆ ಹಿಡಿದರು? ಯಾಕಮ್ಮ ಮೂರು ಫೋಟೋಗಳ ಮುಂದೆ ನಿಂತು ಇದನ್ನೇ ಯೋಚಿಸುತ್ತಿದ್ದಳು.

ಅವಳ ನಗು ನಿಂತದ್ದು ಓರಗಿತ್ತಿಯಿಂದ. ಅವಳನ್ನು ಯಾಕಮ್ಮ ಅಕ್ಕ ಎನ್ನುತ್ತಿದ್ದಳು. ಅಕ್ಕನಿಗೆ ಏಳು ತಿಂಗಳು ತುಂಬಿತ್ತು. ಹಿಂದೆ ಒಂದು ಮಗು ಹುಟ್ಟುವ ಮೊದಲೇ ಹೊಟ್ಟೆಯಲ್ಲಿ ಸತ್ತಿತ್ತು. ಆಮೇಲಿಂದ ಅಕ್ಕ ಮನೆಯವರೆಲ್ಲರ ಊಟವಾಗುವ ತನಕ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ, ಹಾಸಿಗೆಯಿದ್ದರೂ ನೆಲದ ಮೇಲೆ ಮಲಗುತ್ತಿದ್ದಳು. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಬೆರಳಿನ ಉಂಗುರ ಸೋಪು ಹಚ್ಚಿದರೂ ಬರುತ್ತಿರಲಿಲ್ಲ. ಆಸ್ಪತ್ರೆಯ ದಾದಿ ಬಿಪಿ ಹೆಚ್ಚಿದೆ ಎಂದು ಕೊಟ್ಟ ಮಾತ್ರೆಗಳು ಸೀರೆಗಳ ಅಡಿಯಲ್ಲಿ ಮುಟ್ಟದೆ ಬಿದ್ದಿದ್ದವು. ಒಂದು ಮಧ್ಯಾಹ್ನ ಮಡಿಸಲು ಬಟ್ಟೆ ಎತ್ತಿದ ಯಾಕಮ್ಮನಿಗೆ ಅವು ಸಿಕ್ಕವು. ಯಾಕೆ ಎಂದು ಕೇಳಿದಳು. ಅಕ್ಕ ಬಾಗಿಲು ಹಾಕಿ ಬಂದು ಹೇಳಿದಳು.

"ನಾನು ಅವತ್ತು ನೀರು ನುಂಗಿಬಿಟ್ಟೆ. ಐನೂರು ಮೆಟ್ಟಿಲು ದಾಟಿತ್ತು, ಕೆಮ್ಮು ಬಂತು, ಒಳಗೆ ಹೋಯ್ತು. ಕೆನ್ನೆ ಉಬ್ಬಿಸಿಕೊಂಡು ಮೇಲಕ್ಕೆ ಹೋಗಿ ಬಾನಿಗೆ ಉಗುಳು ಬಿಟ್ಟೆ. ದೇವರಿಗೆ ಮೋಸ ಮಾಡಿದೆ. ಮಗು ಹೋಯ್ತು. ಈ ಸಲ ನೀನು ಹತ್ತುವಾಗ ನಾನೂ ಹತ್ತುತೀನಿ. ಈ ಸಲ ಸತ್ತರೂ ನುಂಗಲ್ಲ. ಅಲ್ಲೀತನಕ ಮಾತ್ರೆ ಮುಟ್ಟಲ್ಲ ಅಂತ ಹರಕೆ ಹೊತ್ತಿದೀನಿ."

ಇಷ್ಟು ಮಾತನ್ನು ಅವಳು ನಾಲ್ಕು ವರ್ಷದಲ್ಲಿ ಯಾರ ಮುಂದೆಯೂ ಆಡಿರಲಿಲ್ಲ, ಗಂಡನ ಮುಂದೆಯೂ. ಗಡಿಯಾರದ ಮುಂದೆ ತಾನು ಆಟವಾಡಿದ ಆ ನೀರೇ ಈ ಹೆಂಗಸಿನ ಜೀವ ತಿನ್ನುತ್ತಿದೆ, ಹೊಟ್ಟೆಯ ಮಗುವನ್ನೂ ಬಿಡುವ ಹಾಗೆ ಕಾಣುವುದಿಲ್ಲ ಎಂದು ಯಾಕಮ್ಮನಿಗೆ ಅರ್ಥವಾಯಿತು.

ಸಂಜೆ ಅಜ್ಜಿಯ ಕಾಲು ಒತ್ತುತ್ತ ಅವಳು ಮೆಲ್ಲಗೆ ವಿಷಯ ತೆಗೆದಳು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. ಅವರು ನುಂಗಿದ್ದು ನಲವತ್ತನೆಯ ಮೆಟ್ಟಿಲಲ್ಲಿ. ಅದೂ ಬೇಕೆಂದೇ, ಬಾಯಾರಿಕೆಗೆ. ಮಿಕ್ಕ ದಾರಿಯುದ್ದಕ್ಕೂ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಹೋದರಂತೆ. ಹಾಗಿದ್ದರೆ ಅತ್ತೆಗೆ ಈ ಮಾತು ಯಾಕೆ ಹೇಳಲಿಲ್ಲ ಎಂದು ಯಾಕಮ್ಮ ಕೇಳಿದಳು. ಅಜ್ಜಿಯ ನಗು ನಿಂತಿತು. ನನ್ನತ್ತೆ ನನಗೆ ಹೇಳಿದ್ದರೇ ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅಕ್ಕನಿಗೆ ಇದನ್ನು ಹೇಳಿದರೆ ಅವಳು ನಂಬಲಿಲ್ಲ. ಅಜ್ಜಿ ಬಾಯಿ ಬಿಟ್ಟರೆ ಹತ್ತರಲ್ಲಿ ಎಂಟು ಬುರುಡೆ ಎಂದು ಮನೆಗೆಲ್ಲ ಗೊತ್ತು. ಅಲ್ಲದೆ ಅಜ್ಜಿ ಹೆತ್ತ ಐವರೂ ಗಟ್ಟಿಮುಟ್ಟಾಗಿ ಬೆಳೆದವರು, ನುಂಗಿದ್ದರೆ ಹಾಗಾಗುತ್ತಿತ್ತೇ ಎಂಬುದು ಅಕ್ಕನ ವಾದ. ಅತ್ತೆ ಸುಳ್ಳು ಹೇಳುವವರಲ್ಲ, ಅತ್ತೆ ನುಂಗಿದ್ದೆ ಅಂದರೆ ನಂಬುತ್ತೇನೆ ಎಂದಳು. ಯಾಕಮ್ಮ ನೇರವಾಗಿ ಅತ್ತೆಯ ಬಳಿ ಹೋದಳು. ಅತ್ತೆ ಕಾಗದಕ್ಕೆ ಅಂಟು ಹಚ್ಚುತ್ತಿದ್ದರು. ಪ್ರಶ್ನೆ ಕೇಳಿದ ಕೂಡಲೇ ಕುಂಚ ಕೈಯಿಂದ ಜಾರಿ ಬಿತ್ತು.

"ಒಂದು ಹನಿ ನುಂಗಿಲ್ಲ," ಎಂದರು. "ಇನ್ನೊಂದು ಸಲ ಈ ಮಾತು ಕೇಳಬೇಡ."

ಬಾಗಿಲಾಚೆ ಅಕ್ಕ ನಿಂತಿದ್ದಳು. ಅವಳಿಗೆ ಅಷ್ಟೇ ಸಾಕಾಯಿತು.

ಯಾಕಮ್ಮ ಸುಮ್ಮನೆ ಕೂರಲಿಲ್ಲ. ಹರಕೆಯ ಹಿಂದಿನ ಕಥೆಯನ್ನು ಬಯಲು ಮಾಡಬಾರದೆಂದು ಅಕ್ಕ ಆಣೆ ಹಾಕಿಸಿಕೊಂಡಿದ್ದಳು. ಆದರೆ ಮಾತ್ರೆ, ಬಿಪಿ, ಊದಿದ ಕಾಲು ಎಲ್ಲವನ್ನೂ ಭಾವನ ಮುಂದೆ ಇಟ್ಟಳು. ಭಾವ ಗಾಜಿನಿಂದ ಕಣ್ಣೆತ್ತದೆ, ಅವಳೇ ಹತ್ತುತೀನಿ ಅಂತಾಳೆ, ದೇವರ ಕೆಲಸಕ್ಕೆ ಅಡ್ಡ ಬರೋಕಾಗುತ್ತಾ ಎಂದರು. ಅತ್ತೆ, ನಮ್ಮ ಕಾಲದಲ್ಲಿ ಬಿಪಿ ಇತ್ತೇ ಎಂದರು. ಗಂಡ, ಒಂದು ದಿನದ ಮಾತು, ಮಾಡಿ ಮುಗಿಸಿಬಿಡು ಎಂದ. ಯಾರೂ ಕೇಡು ಬಗೆಯುತ್ತಿರಲಿಲ್ಲ. ಎಲ್ಲರಿಗೂ ಅಕ್ಕನ ಮಗು ಬೇಕಾಗಿತ್ತು. ಅದಕ್ಕಾಗಿಯೇ ಅವಳನ್ನು ಬೆಟ್ಟಕ್ಕೆ ಹೊರಡಿಸುತ್ತಿದ್ದರು.

ಹೊರಡುವ ಹಿಂದಿನ ದಿನ ಯಾಕಮ್ಮ ಅಕ್ಕನಿಗೆ ತನ್ನ ಕಸುಬಿನ ಒಂದು ರೂಢಿ ಹೇಳಿಕೊಟ್ಟಳು. ಹಲ್ಲು ಕೊರೆಯುವಾಗ ರೋಗಿ ಮಾತಾಡುವ ಹಾಗಿಲ್ಲ. ಆದ್ದರಿಂದ ಅವರ ಡಾಕ್ಟರು ಎಲ್ಲರಿಗೂ ಮೊದಲೇ ಹೇಳುವುದು: ನೋವಾದರೆ ಎಡಗೈ ಎತ್ತಿ, ನಾನು ನಿಲ್ಲಿಸುತ್ತೇನೆ.

"ನೀವೂ ಅಷ್ಟೇ ಮಾಡಿ ಅಕ್ಕ. ನೀರು ಉಗುಳಬೇಡಿ, ಮಾತಾಡಬೇಡಿ. ತಡೆಯೋಕಾಗದಿದ್ರೆ ಎಡಗೈ ಎತ್ತಿ. ಕೈ ಎತ್ತಬಾರದು ಅಂತ ಯಾವ ದೇವರೂ ಹೇಳಿಲ್ಲ."

ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು, ಆಯಿತು ಎಂದಳು.

ಬೆಳಗಿನ ತಂಪಿನಲ್ಲಿ ಬೆಟ್ಟದ ಬುಡದ ನಲ್ಲಿಯ ಬಳಿ ಅತ್ತೆ ತಾಮ್ರದ ಚೊಂಬಿನಿಂದ ಇಬ್ಬರ ಬೊಗಸೆಗೂ ನೀರು ಹಾಕಿದರು. ಮೆಟ್ಟಿಲುಗಳು ನುಣುಪಾಗಿ ಸವೆದಿದ್ದವು, ಒಂದೊಂದರ ಮೇಲೂ ಅದನ್ನು ಹಾಕಿಸಿದವರ ಹೆಸರು, ಹತ್ತಕ್ಕೊಂದು ಸಂಖ್ಯೆ. ಮೇಲೆ ಮೋಡದ ಸಂದಿಯಲ್ಲಿ ದೇವಸ್ಥಾನದ ಗೋಪುರ ಬೆರಳಿನಷ್ಟು ಕಾಣುತ್ತಿತ್ತು. ಅಷ್ಟು ಎತ್ತರಕ್ಕೆ ಅಷ್ಟು ದೊಡ್ಡ ಕಲ್ಲುಗಳನ್ನು ಯಾರು ಹೊತ್ತರು, ಅವರಿಗೆ ನೀರು ಯಾರು ಕೊಟ್ಟರು ಎಂದು ಕೇಳಬೇಕೆನಿಸಿತು ಯಾಕಮ್ಮನಿಗೆ. ಬಾಯಲ್ಲಿ ನೀರಿತ್ತು. ಮೂವತ್ತೊಂದನೆಯ ಮೆಟ್ಟಿಲಿಗೆ ಅರ್ಧ ಇಳಿಯಿತು, ಅಜ್ಜಿಯ ಲೆಕ್ಕಕ್ಕೆ ಸರಿಯಾಗಿ ನಲವತ್ತಕ್ಕೆ ಖಾಲಿಯಾಯಿತು. ಅವಳು ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಅಕ್ಕನ ಹಿಂದೆಯೇ ನಡೆದಳು. ಮುಂದೆ ಗಂಡಸರಿಬ್ಬರೂ ನೀರಿನ ಬಾಟಲಿ ಹಂಚಿಕೊಂಡು ಕುಡಿಯುತ್ತ, ಗಾಜಿನ ದರದ ಬಗ್ಗೆ ಮಾತಾಡುತ್ತ ಹೋಗುತ್ತಿದ್ದರು.

ಅಕ್ಕ ನಿಜಕ್ಕೂ ಹಿಡಿದಿದ್ದಳು. ತುಟಿ ಬಿಳಿಚಿಕೊಳ್ಳುವಷ್ಟು ಬಿಗಿಹಿಡಿದಿದ್ದಳು, ಮೂಗಿನಿಂದ ಮಾತ್ರ ಉಸಿರು, ಅದು ಹತ್ತು ಮೆಟ್ಟಿಲ ಕೆಳಗಿನವರಿಗೂ ಕೇಳುತ್ತಿತ್ತು. ಮುನ್ನೂರಕ್ಕೆ ಒಮ್ಮೆ ಕುಳಿತಳು. ನಾನೂರೈವತ್ತಕ್ಕೆ ಹಣೆ ಒತ್ತಿಕೊಂಡಳು. ಆಮೇಲಿಂದ ಕಾಲಿಡುವ ಮೊದಲು ಮೆಟ್ಟಿಲನ್ನು ಕೈಯಿಂದ ತಡವತೊಡಗಿದಳು. ಅದೇಕೆಂದು ಯಾಕಮ್ಮನಿಗೆ ತಿಳಿಯಲಿಲ್ಲ; ತಡೆದು ನಿಲ್ಲಿಸಹೋದರೆ ಅಕ್ಕ ಬಲಗೈಯಿಂದ ಅವಳನ್ನು ದೂರ ತಳ್ಳಿದಳು. ಅತ್ತೆ ಪಕ್ಕದಲ್ಲೇ ಇದ್ದು, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತಿದ್ದರು. ಆರುನೂರರ ಬಳಿ ಸೊಂಡಿಲು ಮುರಿದ ಒಂದು ಕಲ್ಲಿನ ಆನೆಯಿದೆ. ಅದರ ಬೆನ್ನಿಗೆ ಒರಗಿ ಅಕ್ಕ ನಿಂತಳು. ಬಳೆಗಳು ಮಾಂಸದೊಳಗೆ ಹೂತಿದ್ದ ಅವಳ ಎಡಗೈ ನಿಧಾನವಾಗಿ ಮೇಲೆದ್ದಿತು.

ಯಾಕಮ್ಮ ಬಾಯಿ ತೆರೆದಳು. ಒಂದು ಹನಿಯೂ ಬೀಳಲಿಲ್ಲ. ಅತ್ತೆ ಅದನ್ನು ನೋಡಿದರು.

"ನಿಲ್ಲಿಸಿ," ಎಂದಳು ಯಾಕಮ್ಮ. "ನಾನು ನಲವತ್ತರಲ್ಲೇ ನುಂಗಿದೆ. ಅಜ್ಜಿ ನಲವತ್ತರಲ್ಲಿ. ಅಕ್ಕ ಹೋದ ಸಲ ಐನೂರು ದಾಟಿ. ಆಣೆ ಮುರೀತಾ ಇದೀನಿ ಅಕ್ಕ, ಕ್ಷಮಿಸಿ. ಅತ್ತೆ, ನೀವು ಎಷ್ಟನೇ ಮೆಟ್ಟಿಲಲ್ಲಿ ನುಂಗಿದ್ರಿ?"

"ಬಾಯಿ ಮುಚ್ಚು," ಎಂದರು ಅತ್ತೆ.

ಆದರೆ ಅವರ ಉತ್ತರಕ್ಕೆ ಕಾಯುತ್ತಿದ್ದದ್ದು ಯಾಕಮ್ಮನೊಬ್ಬಳೇ ಅಲ್ಲ. ಅಕ್ಕ ಅತ್ತೆಯ ದನಿ ಬಂದ ಕಡೆಗೆ ಮುಖ ತಿರುಗಿಸಿದ್ದಳು, ಕೈ ಇನ್ನೂ ಮೇಲೆಯೇ ಇತ್ತು, ಕೆನ್ನೆಗಳಲ್ಲಿ ನೀರು ಇನ್ನೂ ತುಂಬಿತ್ತು. ಹೆಸರು ಕೆಡುವ ಭಯಕ್ಕಿಂತ ದೊಡ್ಡದೇನೋ ಅತ್ತೆಯ ಮುಖದಲ್ಲಿ ಸುಳಿಯಿತು. ಅವರು ಆನೆಯ ಕಾಲ ಬಳಿ ಕುಳಿತರು.

"ಇಲ್ಲೇ," ಎಂದರು. "ಈ ಆನೆ ಹತ್ರ. ಕಾಲು ಜಾರ್ತು, ಗುಟುಕ್ ಅಂತ ಒಳಗೆ ಹೋಯ್ತು. ಯಾರಿಗೂ ಹೇಳಲಿಲ್ಲ. ಮೊದಲನೇ ಮಗು ಹುಟ್ಟಿ ಒಂಬತ್ತು ದಿನಕ್ಕೆ ಹೋಯ್ತು. ನಾನೇ ನುಂಗಿದೆ ಅದನ್ನ ಅಂದ್ಕೊಂಡೆ. ಮೂವತ್ತನಾಲ್ಕು ವರ್ಷದಿಂದ ಹಾಗೇ ಅಂದ್ಕೊಂಡಿದೀನಿ."

ಆ ಮಗುವಿನ ವಿಷಯ ಮನೆಯಲ್ಲಿ ಮಕ್ಕಳಿಗೂ ಗೊತ್ತಿರಲಿಲ್ಲ. ಮೇಲೆ ಹೋಗಿದ್ದ ಗಂಡಸರು ಹಿಂದಿರುಗಿ ಬಂದು ಬಾಟಲಿ ಹಿಡಿದು ಮಿಕಮಿಕ ನೋಡುತ್ತ ನಿಂತರು.

ಯಾಕಮ್ಮ ಅತ್ತೆಯ ಪಕ್ಕ ಕುಳಿತಳು. "ಅದಾದ ಮೇಲೆ ಇವರಿಬ್ಬರು ಹುಟ್ಟಿದ್ರಲ್ಲ ಅತ್ತೆ. ನೀರು ನುಂಗಿದ ತಾಯಿಗೇ ತಾನೇ ಇವರೂ ಹುಟ್ಟಿದ್ದು? ಇಬ್ಬರೂ ಕಂಬದ ಹಾಗೆ ನಿಂತಿದಾರೆ, ನೋಡಿ."

ಅತ್ತೆ ಮಕ್ಕಳನ್ನು ನೋಡಿದರು. ಆಮೇಲೆ ಎದ್ದು, ಹಿರಿಸೊಸೆಯ ಗಲ್ಲ ಹಿಡಿದು, "ನುಂಗಮ್ಮ," ಎಂದರು. "ನಾನೂ ನುಂಗಿದ್ದೆ. ನುಂಗು."

ಅಕ್ಕನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಅವಳು ಆಡಿದ ಮೊದಲ ಮಾತು ಇದು:

"ಅತ್ತೆ, ಕಣ್ಣು ಕಾಣ್ತಾ ಇಲ್ಲ. ಆಗಿನಿಂದ ಕಾಣ್ತಾ ಇಲ್ಲ."

ನೂರೈವತ್ತು ಮೆಟ್ಟಿಲುಗಳನ್ನು ಅವಳು ಕುರುಡಾಗಿ, ತಡವಿಕೊಂಡು, ಹೇಳಲಾಗದೆ ಹತ್ತಿದ್ದಳು. ಕುರ್ಚಿ ಹೊರುವ ಇಬ್ಬರು ಆಳುಗಳು ಸಿಕ್ಕಿದ್ದು ಪುಣ್ಯ. ಒಂದು ಗಂಟೆಯೊಳಗೆ ಅವಳನ್ನು ಕೆಳಗಿಳಿಸಿದರು, ಸಂಜೆಯೊಳಗೆ ಊರಿನ ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಬಿಪಿ ಏರಿಯೇ ಕಣ್ಣು ಕತ್ತಲಾದದ್ದು, ಬೆಟ್ಟದ ತುದಿ ಮುಟ್ಟಿಸಿದ್ದರೆ ಇಬ್ಬರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಭಾವನ ಮುಖಕ್ಕೆ ಹೊಡೆದಂತೆ ಹೇಳಿದರು. ಹೆಣ್ಣುಮಗು, ಅಂಗೈಯಗಲ. ಇಪ್ಪತ್ತಾರು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಜೀವಮಾನವೆಲ್ಲ ಗಾಜು ಕೊಯ್ದ ಭಾವ ಆ ಗಾಜಿನ ಮುಂದೆ ಕೈಕಟ್ಟಿ ನಿಂತುಕೊಂಡು, ನಾನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅಳುತ್ತಿದ್ದರು. ಅಕ್ಕನ ಕಣ್ಣಿಗೆ ಬೆಳಕು ಮೂರನೆಯ ದಿನ ಮರಳಿತು. ಅಜ್ಜಿ ಮಾತ್ರ ಒಂದು ವಾರ ಯಾರ ಭವಿಷ್ಯವನ್ನೂ ನುಡಿಯಲಿಲ್ಲ. ಕೊನೆಗೆ ಅತ್ತೆಯನ್ನು ಹತ್ತಿರ ಕರೆದು, ಅವತ್ತೇ ಹೇಳಿದ್ದರೆ ನೀನು ನಗ್ತಾ ಇದ್ದೆಯಲ್ಲೇ ಎಂದರಂತೆ. ಅತ್ತೆ ಏನೆಂದರೋ ಗೊತ್ತಿಲ್ಲ.

ಮಗುವಿಗೆ ವರ್ಷ ತುಂಬಿದ ಮೇಲೆ ಬೆಟ್ಟಕ್ಕೆ ಹೋಗೋಣವೆಂದು ಅತ್ತೆಯೇ ಹೇಳಿದರು. ಸೊಸೆಯಂದಿರಿಬ್ಬರೂ ಹೊರಟರು, ಮಗು ಭಾವನ ಬೆನ್ನ ಮೇಲೆ, ನೀರಿನ ಬಾಟಲಿಗಳು ಹೆಂಗಸರ ಕೈಯಲ್ಲಿ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಕುಡಿದರು. ಅತ್ತೆ ದಾರಿಯುದ್ದಕ್ಕೂ ಮಾತಾಡಿದರು. ಆ ಒಂಬತ್ತು ದಿನದ ಮಗುವಿನ ಕೂದಲು, ಅದರ ಕೈಬೆರಳು, ಅದು ಆಕಳಿಸುತ್ತಿದ್ದ ರೀತಿ ಎಲ್ಲವನ್ನೂ ಹೇಳಿದರು. ಆನೆಯ ಬಳಿ ಕುಳಿತು ಮನಸಾರೆ ಅತ್ತು, ಮತ್ತೆ ಎದ್ದು ಹತ್ತಿದರು.

ಯಾಕಮ್ಮ ಆ ದೇವಸ್ಥಾನವನ್ನು ಕೊನೆಗೂ ನೋಡಿದಳು. ಗಾಳಿಗೆ ಸವೆದ ಗೋಡೆಗಳು, ಮೂಗು ಅಳಿಸಿಹೋದ ದ್ವಾರಪಾಲಕರು, ಸಾವಿರ ವರ್ಷದ ಎಣ್ಣೆ ಕುಡಿದು ಕಪ್ಪಾದ ಹೊಸ್ತಿಲು. ಅವಳ ಕಣ್ಣು ಹುಡುಕುತ್ತಿದ್ದದ್ದು ಕಲ್ಲುಬಾನಿಯನ್ನು. ಅದು ಬಾಗಿಲ ಎಡಗಡೆ ಇತ್ತು. ಬಗ್ಗಿ ಕೈಯಾಡಿಸಿದಳು. ಗೋಡೆಯ ಕಡೆ ಕಿಂಡಿಯಿರಲಿಲ್ಲ, ಕಾಲುವೆಯಿರಲಿಲ್ಲ. ತೂತು ಇದ್ದದ್ದು ಹೊರಗಿನ ಇಳಿಜಾರಿನ ಕಡೆ, ಅದರ ಕೆಳಗೆ ಪೊದೆ, ಪೊದೆಯ ಬಳಿ ಎರಡು ಆಡು.

ಒಳಗಿನಿಂದ ಬಂದ ಮುದಿ ಅರ್ಚಕರನ್ನು ಅವಳು ಇದೇನೆಂದು ಕೇಳಿದಳು. ಕಾಲು ತೊಳೆದು ಬಾಯಿ ಮುಕ್ಕಳಿಸಿ ಒಳಗೆ ಬರಲಿ ಎಂದು ಹಿಂದಿನವರು ಇಟ್ಟ ಬಾನಿ ಎಂದರು ಅವರು. ಕೆಲವು ಮನೆಯ ಸೊಸೆಯಂದಿರು ಕೆನ್ನೆ ಉಬ್ಬಿಸಿಕೊಂಡು ಬಂದು ಇಲ್ಲಿ ಉಗುಳಿ, ಫೋಟೋ ತೆಗೆಸಿಕೊಂಡು ಹೋಗುವುದನ್ನು ಅವರು ಐವತ್ತು ವರ್ಷದಿಂದ ನೋಡುತ್ತಿದ್ದರು. ದೂರದಿಂದ ಬಂದವರು, ಮುಕ್ಕಳಿಸುತ್ತಿದ್ದಾರೆ ಎಂದುಕೊಂಡಿದ್ದರಂತೆ.

"ಇಷ್ಟು ವರ್ಷದಲ್ಲಿ ಒಬ್ಬರೂ ನಿಮ್ಮನ್ನು ಕೇಳಲಿಲ್ವಾ ಸ್ವಾಮಿ, ಈ ನೀರು ಎಲ್ಲಿಗೆ ಹೋಗುತ್ತೆ ಅಂತ?" ಎಂದರು ಅತ್ತೆ.

"ಹೇಗೆ ಕೇಳ್ತಾರಮ್ಮ," ಎಂದರು ಅರ್ಚಕರು. "ಬಾಯಲ್ಲಿ ನೀರಿರ್ತಿತ್ತಲ್ಲ."

ಅತ್ತೆ ಬಾನಿಯ ಅಂಚಿನ ಮೇಲೆ ಕುಳಿತು ಆಡುಗಳನ್ನು ನೋಡಿದರು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು, ದೇವರ ಬಾಗಿಲ ಮುಂದೆಯೇ, ಮೊಮ್ಮಗಳ ಕಣ್ಣೆದುರಿಗೇ, ಗಂಟಲು ಸದ್ದು ಮಾಡುವ ಹಾಗೆ ನೀರು ನುಂಗಿದರು.